ಪಾರಣೆಯಿಲ್ಲದ ವ್ರತ

ಉಪವಾಸಕ್ಕೆ ಪಾರಣೆಯುಂಟು; ನೋಂಪಿಗೆ ಉದ್ಯಾಪನೆಯುಂಟು. ಅಷ್ಟಮಿಯಂದು ಅನಶನವನ್ನು ಕೈಕೊಂಡ ಶ್ರಾವಕನು ಮರುದಿನ ಜಿನಪೂಜೆ, ಪಾತ್ರದಾನಗಳನ್ನು ನೆರವೇರಿಸಿ ಪಾರಣೆ ಮಾಡುತ್ತಾನೆ. ಅನಂತನ ನೋಂಪಿಯನ್ನು ಹಿಡಿದ ಗೃಹಿಣಿಯು 14 ವರ್ಷ ತುಂಬಿದಾಗ ಬಸದಿಗೆ ಉಪಕರಣಗಳನ್ನು ಅರ್ಪಿಸಿ ಉದ್ಯಾಪನೆ ಮಾಡಿಸುತ್ತಾಳೆ. ಆದರೆ ಮದ್ಯದ ವಶಕ್ಕೆ ಸಿಕ್ಕಿ, ಬಹು ಕಷ್ಟದಿಂದ ಅದರಿಂದ ಬಿಡಿಸಿಕೊಂಡವನ ತ್ಯಾಗಕ್ಕೆ ಪಾರಣೆಯೂ ಇಲ್ಲ, ಉದ್ಯಾಪನೆಯೂ ಇಲ್ಲ. ನೂರು ದಿನ ಕಳೆದರೂ, ಹತ್ತು ವರ್ಷ ಕಳೆದರೂ ಆತನು ಮತ್ತೆ ಮುಟ್ಟುವ ಒಂದು ಲೋಟವು ಹಿಂದಿನ ಎಲ್ಲವನ್ನೂ ಮರಳಿ ತರಬಲ್ಲುದು. ಇಂತಹ ವ್ರತವನ್ನು ಹಿಡಿದವರು ಒಂದೆಡೆ ಕೂಡುವುದು, ಅವರಿಗಾಗಿ ಸಭೆ ಸಮಾವೇಶಗಳನ್ನು ನೆರವೇರಿಸುವುದು ಈಗ ಲೋಕದಲ್ಲಿ ರೂಢಿಗೆ ಬಂದಿದೆ. ಇದು ಧರ್ಮಕ್ಕೆ ಒಪ್ಪುವ ಕಾರ್ಯವೇ? ಒಪ್ಪುವುದಾದರೆ ಅದರ ರೀತಿ ಯಾವುದು? ಶ್ರಾವಕರು ಆಲೋಚಿಸಬೇಕಾದ ಪ್ರಶ್ನೆ ಇದು.

ಮದ್ಯತ್ಯಾಗವು ನಮ್ಮಲ್ಲಿ ವಿಶೇಷ ವ್ರತವಲ್ಲ, ಮೂಲಗುಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪಂಚಾಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿ ಅಷ್ಟ ಮೂಲಗುಣಗಳೆಂದು ಎಣಿಸಿದರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮದ್ಯ, ಮಾಂಸ, ಮಧುಗಳೊಡನೆ ಐದು ಉದುಂಬರ ಫಲಗಳನ್ನು ವರ್ಜಿಸಲು ಹೇಳಿದರು. ಮದ್ಯವು ರಸಜ ಜೀವಗಳಿಗೆ ಜನ್ಮಸ್ಥಾನವಾದುದರಿಂದ ಅದರ ಸೇವನೆ ಹಿಂಸೆ. ಅಷ್ಟೇ ಅಲ್ಲದೆ ಚಿತ್ತಭ್ರಮೆಯಿಂದ ಧರ್ಮವಿಸ್ಮೃತಿಯೂ, ಧರ್ಮವಿಸ್ಮೃತಿಯಿಂದ ಅಂಜಿಕೆಯಿಲ್ಲದ ಹಿಂಸೆಯೂ ಹುಟ್ಟುವುದೆಂಬ ಸರಪಳಿಯನ್ನು ಅವರು ತೋರಿಸಿದ್ದಾರೆ. ಶಕ 705ರಲ್ಲಿ, ಎಂದರೆ ಕ್ರಿ.ಶ. 783ರಲ್ಲಿ ಜಿನಸೇನಾಚಾರ್ಯರು ಮುಗಿಸಿದ ಹರಿವಂಶಪುರಾಣದಲ್ಲಿ ದ್ವಾರಾವತಿಯ ನಾಶಕ್ಕೂ ಮದ್ಯವೇ ನಿಮಿತ್ತ. ಅಲ್ಲೊಂದು ಗಮನಿಸತಕ್ಕ ವಿಷಯವುಂಟು. ಭವಿಷ್ಯವನ್ನು ಅರಿತ ಯಾದವರು ನಗರದ ಮದ್ಯವನ್ನೆಲ್ಲ ಹೊರಗೆ ಚೆಲ್ಲಿಸಿದ್ದರು. ಚೆಲ್ಲಿದ್ದು ಬೆಟ್ಟದ ಕುಳಿಗಳಲ್ಲಿ ನಿಂತಿತು. ಬಾಯಾರಿದ ತರುಣರು ಅದನ್ನೇ ಕುಡಿದು ದ್ವೈಪಾಯನ ಮುನಿಯನ್ನು ಹಿಂಸಿಸಿದರು. ಊರಿನಿಂದ ಮದ್ಯವನ್ನು ಹೊರಗೆ ಹಾಕಿದ ಮಾತ್ರಕ್ಕೆ ಮದ್ಯವು ಊರನ್ನು ಬಿಡಲಿಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕುಡಿತವು ಬೇರೆ ಬಾಟಲಿಗೆ ಸೇರಿಕೊಂಡಿತು. ಕಟ್ಟಳೆಯು ಅಂಗಡಿಯನ್ನು ಮುಚ್ಚಬಲ್ಲುದು. ಚಿತ್ತವನ್ನು ನೆಲೆಗೊಳಿಸುವ ಕೆಲಸ ಬೇರೆಯೇ ಉಳಿಯುತ್ತದೆ.

ಮೂಲಗುಣವೆಂಬ ಈ ಹಿರಿಮೆಯಿಂದಲೇ ಒಂದು ತೊಡಕೂ ಹುಟ್ಟಿದೆ. ನಮ್ಮವರಲ್ಲಿ ಕುಡಿಯುವವರೇ ಇಲ್ಲವೆಂದು ಹೇಳಿಕೊಳ್ಳುವುದು ಮನೆತನದ ಮರ್ಯಾದೆಯಾಯಿತು. ಆದುದರಿಂದ ಜೈನ ಮನೆಯಲ್ಲಿ ಒಬ್ಬನು ಜಾರಿದರೆ ಅದನ್ನು ಹೊರಗೆ ಹೇಳುವಂತಿಲ್ಲ. ಮಡದಿಯು ತವರಿಗೂ ತಿಳಿಸಳು. ತಂಗಿಯ ಮದುವೆ ಆಗಬೇಕೆಂದು ತಾಯಿ ಬಾಯಿ ಮುಚ್ಚಿಕೊಳ್ಳುವಳು. ಅಣ್ಣನು ಸಾಲ ತೀರಿಸಿ ಸುಮ್ಮನಾಗುವನು. ವೈದ್ಯರ ಬಳಿಗೆ ಹೋಗುವ ಹೊತ್ತಿಗೆ ಯಕೃತ್ತು ಕೆಟ್ಟಿರುತ್ತದೆ, ಕೆಲಸ ಹೋಗಿರುತ್ತದೆ, ಮಕ್ಕಳ ಮನಸ್ಸು ಮುರಿದಿರುತ್ತದೆ. ವ್ರತದ ಕೀರ್ತಿಯು ವ್ರತದಿಂದ ಜಾರಿದವನಿಗೆ ದಾರಿ ಮುಚ್ಚುವ ಬಾಗಿಲಾಗಬಾರದು.

ಇನ್ನು ಸಮಾವೇಶಗಳ ಸಂಗತಿ. 1935ರಲ್ಲಿ ಅಮೆರಿಕದ ಓಹಾಯೋ ಪ್ರಾಂತ್ಯದ ಆಕ್ರನ್ ನಗರದಲ್ಲಿ, ಕುಡಿತವನ್ನು ಬಿಟ್ಟು ಕೆಲವು ತಿಂಗಳಾಗಿದ್ದ ಬಿಲ್ ವಿಲ್ಸನ್ ಎಂಬ ವ್ಯವಹಾರಸ್ಥನು ಕೆಲಸ ಕೆಟ್ಟು ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದನು. ಮತ್ತೆ ಕುಡಿಯುವ ಭಯ ಬಂದಾಗ ಆತನು ಉಪದೇಶಕನನ್ನು ಹುಡುಕಲಿಲ್ಲ. ತನ್ನಂತೆಯೇ ಕುಡಿತದಿಂದ ನರಳುತ್ತಿರುವ ಇನ್ನೊಬ್ಬನನ್ನು ಟೆಲಿಫೋನಿನ ಮೂಲಕ ಹುಡುಕಿದನು. ಹಾಗೆ ದೊರೆತವರು ಶಸ್ತ್ರವೈದ್ಯ ರಾಬರ್ಟ್ ಸ್ಮಿತ್. ಈ ಇಬ್ಬರ ಮಾತುಕತೆಯಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ, ಹೆಸರು ಹೇಳಿಕೊಳ್ಳದವರ ಕೂಟವು ಹುಟ್ಟಿತು. ಸೇರುವುದಕ್ಕೆ ಅಲ್ಲಿ ಶುಲ್ಕವಿಲ್ಲ. ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. 1950ರ ಜುಲೈ ತಿಂಗಳಲ್ಲಿ ಕ್ಲೀವ್‌ಲೆಂಡಿನಲ್ಲಿ ಅವರ ಮೊದಲ ಅಂತರರಾಷ್ಟ್ರೀಯ ಸಮಾವೇಶ ಕೂಡಿ, ಕೂಟದ ಹನ್ನೆರಡು ಸಂಪ್ರದಾಯಗಳನ್ನು ಅಂಗೀಕರಿಸಿತು. ರೋಗಪೀಡಿತರಾಗಿದ್ದ ಸ್ಮಿತ್ ಅಲ್ಲಿ ಕೆಲವೇ ನಿಮಿಷ ಮಾತನಾಡಿ, ಅದೇ ವರ್ಷದ ನವೆಂಬರಿನಲ್ಲಿ ತೀರಿಕೊಂಡರು. 1955ರ ಸೇಂಟ್ ಲೂಯಿಸ್ ಸಮಾವೇಶದಲ್ಲಿ ವಿಲ್ಸನ್ ಕೂಟದ ಹೊಣೆಯನ್ನು ಚುನಾಯಿತ ಪ್ರತಿನಿಧಿಗಳ ಸಭೆಗೆ ಒಪ್ಪಿಸಿದನು. ಅಂದಿನಿಂದ ಐದು ವರ್ಷಕ್ಕೊಮ್ಮೆ ಸಮಾವೇಶ ನಡೆದು ಬಂದಿದೆ. 2020ರದು ಮಹಾಮಾರಿಯಿಂದ ಡೆಟ್ರಾಯಿಟ್ ನಗರದಲ್ಲಿ ಕೂಡಲಾಗಲಿಲ್ಲ. 2025ರದು ಕೆನಡಾದ ವ್ಯಾಂಕೂವರಿನಲ್ಲಿ ಕೂಡಿತು.

ನಮ್ಮ ನಾಡಿನಲ್ಲಿಯೂ ಇದಕ್ಕೆ ಸಮಾನವಾದ ಕಾರ್ಯವುಂಟು. ದಿಗಂಬರ ಜೈನ ಹೆಗ್ಗಡೆ ಮನೆತನವು ನಡೆಸಿಕೊಂಡು ಬಂದಿರುವ ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ, ಜನಜಾಗೃತಿ ವೇದಿಕೆಯ ಮೂಲಕ 1990ರ ದಶಕದಿಂದ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆದಿವೆ. ಸುಮಾರು ಒಂದು ವಾರ ಶಿಬಿರದಲ್ಲಿದ್ದವರು ಊರಿಗೆ ಮರಳಿದ ಮೇಲೆ ನವಜೀವನ ಸಮಿತಿಗಳಾಗಿ ಕೂಡುತ್ತಾರೆ. ನೂರು ದಿನ ಕಳೆದವರಿಗೆ ಶತದಿನೋತ್ಸವ ನಡೆಯುತ್ತದೆ. ಗಾಂಧಿ ಜಯಂತಿಯ ಸುಮಾರಿನಲ್ಲಿ ಗಾಂಧಿಸ್ಮೃತಿ ಎಂಬ ಹೆಸರಿನಲ್ಲಿ ಪಾನಮುಕ್ತರ ಸಮಾವೇಶಗಳು ಜರುಗುತ್ತವೆ. ಆಕ್ರನ್ನಿನ ಕೂಟವು ಹೆಸರನ್ನು ಮರೆಮಾಡುತ್ತದೆ. ನಮ್ಮ ಸಮಾವೇಶವು ಪಾನಮುಕ್ತನನ್ನು ಮಡದಿಯೊಡನೆ ಬಹಿರಂಗವಾಗಿ ಬರಮಾಡಿಕೊಳ್ಳುತ್ತದೆ. ಉದ್ದೇಶ ಒಂದೇ, ರೀತಿ ಎರಡು. ಇಲ್ಲಿಯೇ ಧರ್ಮಜಿಜ್ಞಾಸೆ ಆರಂಭವಾಗುತ್ತದೆ.

ಮೊದಲನೆಯ ಆಕ್ಷೇಪ ಇದು: ಮದ್ಯವನ್ನು ಮುಟ್ಟದಿರುವುದು ಶ್ರಾವಕನ ಕನಿಷ್ಠ ಧರ್ಮ. ಕಳ್ಳತನವನ್ನು ನಿಲ್ಲಿಸಿದವನಿಗೆ ಸನ್ಮಾನ ಮಾಡುತ್ತಾರೆಯೇ? ಹುಟ್ಟಿದಂದಿನಿಂದ ಮುಟ್ಟದವನಿಗೆ ಇಲ್ಲದ ಸಭೆ, ಮುಟ್ಟಿ ಬಿಟ್ಟವನಿಗೆ ಏಕೆ? ಈ ಮಾತಿನಲ್ಲಿ ಸತ್ಯಾಂಶವುಂಟು. ಸಮಾವೇಶವನ್ನು ಸನ್ಮಾನವೆಂದು ತಿಳಿದರೆ ಆಕ್ಷೇಪವು ನಿಲ್ಲುತ್ತದೆ. ಆದರೆ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತೀಕರಣವೆಂಬುದೊಂದುಂಟು. ದರ್ಶನದಿಂದಲೋ ಚಾರಿತ್ರದಿಂದಲೋ ಜಾರುತ್ತಿರುವವನನ್ನು ಮತ್ತೆ ಅಲ್ಲಿಯೇ ನಿಲ್ಲಿಸುವುದೇ ಸ್ಥಿತೀಕರಣ. ನಿಂತವನಿಗೆ ಊರುಗೋಲು ಬೇಡ. ಹಾಗೆಂದು ಜಾರುವವನಿಗೆ ಊರುಗೋಲು ಕೊಡುವುದು ನಿಂತವನಿಗೆ ಮಾಡಿದ ಅಪಮಾನವಾಗದು. ರೋಗಿಗೆ ಪಥ್ಯದ ಊಟ ಬಡಿಸಿದರೆ ಮನೆಯ ಆರೋಗ್ಯವಂತರು ಮುನಿಯುವುದುಂಟೇ?

ಈ ಅಂಗಕ್ಕೆ ವಾರಿಷೇಣ ಮುನಿಗಳನ್ನು ಆಚಾರ್ಯರು ದೃಷ್ಟಾಂತವಾಗಿ ಹೆಸರಿಸಿದ್ದಾರೆ. ಶ್ರೇಣಿಕನ ಮಗನಾದ ವಾರಿಷೇಣನು ದೀಕ್ಷೆ ವಹಿಸಿದ ಮೇಲೆ, ಸ್ನೇಹದಿಂದ ದೀಕ್ಷೆಗೆ ಬಂದ ಗೆಳೆಯನು ಹನ್ನೆರಡು ವರ್ಷ ಕಳೆದರೂ ಬಿಟ್ಟುಬಂದ ಮಡದಿಯನ್ನೇ ನೆನೆಯುತ್ತಿದ್ದನು. ವಾರಿಷೇಣರು ಆತನನ್ನು ಸಂಘದ ಮುಂದೆ ನಿಲ್ಲಿಸಿ ಜರೆಯಲಿಲ್ಲ. ತಮ್ಮ ಅರಮನೆಗೆ ಕರೆದೊಯ್ದು, ತಾವು ತೊರೆದ ಅಂತಃಪುರವನ್ನೂ ರಾಜ್ಯವನ್ನೂ ತೋರಿಸಿ, ಬೇಕಾದರೆ ಇವೆಲ್ಲವನ್ನೂ ತೆಗೆದುಕೊಳ್ಳಬಹುದೆಂದರು. ಗೆಳೆಯನು ತನಗೆ ತಾನೇ ನಾಚಿ ದೃಢನಾದನು. ತಾನು ಬಿಟ್ಟುದನ್ನು ತೋರಿಸಿ, ಬಿಡಲಾರದವನನ್ನು ನಿಲ್ಲಿಸಿದ ಕಥೆ ಇದು. ಕುಡಿದು ಬಿಟ್ಟವನು, ಬಿಡಲಾರದವನ ಪಕ್ಕದಲ್ಲಿ ಕುಳಿತು ಹೇಳುವ ಮಾತಿಗೆ ಪಂಡಿತನ ಪ್ರವಚನಕ್ಕಿಲ್ಲದ ಬಲ ಬರುವುದೂ ಇದೇ ಕಾರಣದಿಂದ.

ಎರಡನೆಯ ಆಕ್ಷೇಪ ಹೆಚ್ಚು ತೂಕವುಳ್ಳದ್ದು. ಉಪಗೂಹನವೂ ಅಷ್ಟಾಂಗಗಳಲ್ಲಿ ಒಂದು. ಅನ್ಯರ ದೋಷವನ್ನು ಮರೆಮಾಡಬೇಕು. ಪ್ರಭಾವನೆಯೂ ಅವುಗಳಲ್ಲಿ ಒಂದು. ಧರ್ಮದ ಮಹಿಮೆಯನ್ನು ಪ್ರಕಟಿಸಬೇಕು. ಪಾನಮುಕ್ತನನ್ನು ವೇದಿಕೆಗೆ ಏರಿಸಿದರೆ ಪ್ರಭಾವನೆಯಾದೀತು, ಉಪಗೂಹನ ಕೆಟ್ಟೀತು. ಏರಿಸದಿದ್ದರೆ ಉಪಗೂಹನ ಉಳಿದೀತು, ಬೇರೆಯವರಿಗೆ ದಾರಿ ಕಾಣದೆ ಹೋದೀತು. ಎರಡೂ ಒಂದೇ ದರ್ಶನದ ಅಂಗಗಳಾಗಿರುವಾಗ ಒಂದು ಇನ್ನೊಂದನ್ನು ಕೊಲ್ಲಲಾರದು. ವಿರೋಧವು ಕಂಡುಬಂದರೆ ಅದು ನಮ್ಮ ರೀತಿಯಲ್ಲಿರುವ ದೋಷ.

ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಇಲ್ಲಿ ನೆನೆಯಬೇಕು. ವೇಷಧಾರಿಯೊಬ್ಬನು ಜಿನಾಲಯದ ರತ್ನವನ್ನು ಕದ್ದು ಕಾವಲುಗಾರರ ಕೈಗೆ ಸಿಕ್ಕಿದಾಗ, ತಾನೇ ತರಿಸಿದೆನೆಂದು ಹೇಳಿ ಶ್ರೇಷ್ಠಿಯು ಧರ್ಮಕ್ಕೆ ಬರುವ ಅಪವಾದವನ್ನು ತಪ್ಪಿಸಿದನು. ಆದರೆ ಏಕಾಂತದಲ್ಲಿ ಆತನಿಗೆ ಬುದ್ಧಿ ಹೇಳಿ ಕಳುಹಿಸಿದನು. ಉಪಗೂಹನವೆಂದರೆ ದೋಷವನ್ನು ಕಾಣದಂತೆ ನಟಿಸುವುದಲ್ಲ. ಬೀದಿಯಲ್ಲಿ ಮುಚ್ಚುವುದು, ಮನೆಯೊಳಗೆ ತಿದ್ದುವುದು, ಇವೆರಡೂ ಕೂಡಿದರೆ ಉಪಗೂಹನ. ಮುಚ್ಚಿ ಸುಮ್ಮನಾಗುವ ಮನೆತನವು ಅರ್ಧವನ್ನು ಮಾತ್ರ ಆಚರಿಸುತ್ತದೆ.

ಇನ್ನೊಂದು ವಿವೇಕವೂ ಬೇಕು. ಪರರ ದೋಷವನ್ನು ನುಡಿಯುವುದು ಬೇರೆ, ತನ್ನ ದೋಷವನ್ನು ತಾನೇ ನುಡಿಯುವುದು ಬೇರೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಪರನಿಂದೆ ಮತ್ತು ಆತ್ಮಪ್ರಶಂಸೆಗಳನ್ನು ನೀಚಗೋತ್ರದ ಆಸ್ರವಕ್ಕೂ, ಅದಕ್ಕೆ ವಿಪರೀತವಾದ ನಡೆಯನ್ನು ಉಚ್ಚಗೋತ್ರದ ಆಸ್ರವಕ್ಕೂ ಕಾರಣವೆಂದು ಹೇಳಿದೆ. ಆದುದರಿಂದ ಪಾನಮುಕ್ತನು ತನ್ನ ಇಚ್ಛೆಯಿಂದ, ತನ್ನಂತಹವರ ನಡುವೆ, ತನ್ನ ಪತನವನ್ನು ಹೇಳಿಕೊಂಡರೆ ಅದು ಆಲೋಚನೆಗೆ ಹತ್ತಿರವಾದುದು. ಅದೇ ಕಥೆಯನ್ನು ಕಾರ್ಯದರ್ಶಿಯು ವರದಿಯಲ್ಲಿ ಓದಿದರೆ ಪರನಿಂದೆ. ಅತಿಥಿಯ ಕೈಯಿಂದ ಹಾರ ಹಾಕಿಸಿ ಪತ್ರಿಕೆಯಲ್ಲಿ ಚಿತ್ರ ಅಚ್ಚು ಹಾಕಿಸಿದರೆ ಸಂಘಟಕರ ಆತ್ಮಪ್ರಶಂಸೆ. ಮಾತು ಒಂದೇ ಆದರೂ ಯಾರು, ಯಾರ ಮುಂದೆ, ಯಾವ ಭಾವದಿಂದ ಆಡಿದರೆಂಬುದರಿಂದ ಪುಣ್ಯಪಾಪಗಳು ಬೇರೆಯಾಗುತ್ತವೆ.

ಮೂರನೆಯ ಆಕ್ಷೇಪವು ನಿಶ್ಚಯದೃಷ್ಟಿಯದು. ಆತ್ಮನಿಗೆ ಆತ್ಮನೇ ಶರಣು. ಕೂಟದ ಬಲದಿಂದ ಉಳಿಯುವ ವ್ರತವು ವ್ರತವೇ? ಉತ್ತರವು ನಮ್ಮ ಶಾಸ್ತ್ರದಲ್ಲಿಯೇ ಇದೆ. ಉಪಾದಾನವು ಆ ಪುರುಷನ ಪರಿಣಾಮವೇ. ಸಮಾವೇಶವು ನಿಮಿತ್ತ ಮಾತ್ರ. ನಿಮಿತ್ತವು ಕಾರ್ಯವನ್ನು ಮಾಡುವುದಿಲ್ಲವೆಂಬುದು ಸತ್ಯ. ಹಾಗೆಂದು ವ್ಯವಹಾರದಲ್ಲಿ ಯಾವ ಶ್ರಾವಕನೂ ಬಸದಿಯನ್ನು ಕೆಡವಿಲ್ಲ, ಸ್ವಾಧ್ಯಾಯಶಾಲೆಯನ್ನು ಮುಚ್ಚಿಲ್ಲ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂದು ಉಮಾಸ್ವಾಮಿಗಳೇ ಹೇಳಿದ್ದಾರೆ. ಕೆಟ್ಟ ನಿಮಿತ್ತಗಳು ಮದುವೆಯ ರಾತ್ರಿ, ಜಾತ್ರೆ, ಚುನಾವಣೆಗಳ ರೂಪದಲ್ಲಿ ಬೆನ್ನಟ್ಟುತ್ತಿರುವಾಗ ಒಳ್ಳೆಯ ನಿಮಿತ್ತವೊಂದನ್ನು ಒದಗಿಸುವುದು ಸಂಘದ ಕರ್ತವ್ಯ.

ಆ ಕೂಟದವರು ಇಂದು ಒಂದು ದಿನ ಕುಡಿಯದಿರುವೆನೆಂಬ ಸಂಕಲ್ಪವನ್ನು ದಿನದಿನವೂ ಮಾಡುತ್ತಾರೆ. ಯಾವಜ್ಜೀವ ತ್ಯಾಗವನ್ನು ಕೇಳಿ ಬೆಳೆದವರಿಗೆ ಇದು ದುರ್ಬಲವೆಂದು ತೋರೀತು. ಆದರೆ ಸಮಂತಭದ್ರಾಚಾರ್ಯರು ಜೀವಮಾನದ ತ್ಯಾಗವನ್ನು ಯಮವೆಂದೂ, ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ವಿಂಗಡಿಸಿ, ಭೋಗೋಪಭೋಗ ಪರಿಮಾಣದ ಪ್ರಕರಣದಲ್ಲಿ ಇಂದು, ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನಗಳೆಂಬ ಅವಧಿಗಳನ್ನು ಎಣಿಸಿದ್ದಾರೆ. ಮದ್ಯಕ್ಕೆ ಯಮವೇ ಗುರಿ, ಅದರಲ್ಲಿ ಸಂದೇಹವಿಲ್ಲ. ಆದರೆ ಹತ್ತು ಬಾರಿ ಯಮವನ್ನು ಹೇಳಿ ಹತ್ತು ಬಾರಿ ಮುರಿದವನಿಗೆ, ಇಂದಿನ ನಿಯಮವನ್ನು ಇಂದು ಮುರಿಯದೆ ಮುಗಿಸುವುದು ಗುರಿಗೆ ಏರುವ ಮೆಟ್ಟಿಲು. ಶತದಿನೋತ್ಸವವನ್ನೂ ಹೀಗೆಯೇ ತಿಳಿಯಬೇಕು. ಅದು ಉದ್ಯಾಪನೆಯಂತೆ ಭಾಸವಾದರೆ ಅಪಾಯ. ಉದ್ಯಾಪನೆಯ ಮರುದಿನ ವ್ರತಿಯು ಬಿಡುಗಡೆಯಾದೆನೆಂದು ಭಾವಿಸುತ್ತಾನೆ. ನೂರನೆಯ ದಿನದಂದು ಹೇಳಿಸಬೇಕಾದುದು ಮುಗಿದ ವ್ರತದ ಲೆಕ್ಕವಲ್ಲ, ನೂರೊಂದನೆಯ ದಿನದ ಸಂಕಲ್ಪ.

ಇಂತಹ ಸಭೆಗಳನ್ನು ಕೂಡಿಸುವವರು ಕೆಲವು ವಿಷಯಗಳನ್ನು ಎಚ್ಚರದಿಂದ ನೋಡಿಕೊಳ್ಳಬೇಕು. ಮೊದಲನೆಯದು ವೈದ್ಯಸಹಾಯ. ಬಹುಕಾಲ ಮಿತಿಮೀರಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ನಡುಕ, ಸೆಳವು, ಚಿತ್ತವಿಭ್ರಮೆಗಳು ತಲೆದೋರಿ ಪ್ರಾಣಕ್ಕೂ ಅಪಾಯವಾಗಬಹುದು. ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ಸಂಸ್ಥೆಗಳಲ್ಲಿ ಇದಕ್ಕೆ ಚಿಕಿತ್ಸೆಯುಂಟು. ಅಂತಹ ದಿನಗಳಲ್ಲಿ ಪಾಪ ಕಳೆಯಲೆಂದು ನಿರ್ಜಲ ಉಪವಾಸಕ್ಕೆ ಹಚ್ಚುವುದು ಭಕ್ತಿಯಲ್ಲ, ಅವಿವೇಕ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಶರೀರವು ಚೇತರಿಸಿಕೊಂಡ ಮೇಲೆ ಏಕಾಶನ, ಆಮೇಲೆ ಉಪವಾಸ. ಅದೂ ವೈದ್ಯರ ಒಪ್ಪಿಗೆಯಿಂದ.

ಎರಡನೆಯದು ಸ್ಥಳ ಮತ್ತು ಸಮಯ. ರಾಬರ್ಟ್ ಸ್ಮಿತ್ ಕುಡಿತವನ್ನು ನಿಲ್ಲಿಸಿದ ಹೊಸತರಲ್ಲಿ ಮರಳಿ ಜಾರಿದ್ದು ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ವೈದ್ಯರ ಸಮ್ಮೇಳನಕ್ಕೆ ಹೋದಾಗ. ಮರಳಿ ಬಂದ ಬಳಿಕ ಆತನು ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ಕೂಟವು ತನ್ನ ಜನ್ಮದಿನವೆಂದು ಎಣಿಸುತ್ತದೆ. ಊರು ಬಿಟ್ಟ ಪ್ರಯಾಣ, ಗುರುತಿಲ್ಲದ ವಸತಿಗೃಹ, ಕೆಲಸವಿಲ್ಲದ ಸಂಜೆ ಇವೇ ಜಾರುವ ತಾಣಗಳು. ಸಮಾವೇಶಕ್ಕೆ ಬರುವವನು ಒಬ್ಬನೇ ಬಸ್ಸು ಹತ್ತಬಾರದು, ಜೊತೆಗಾರನಿರಬೇಕು. ಸೂರ್ಯಾಸ್ತದ ಮೊದಲು ಊಟ ಬಡಿಸುವ ನಮ್ಮ ಪದ್ಧತಿಯು ಇಲ್ಲಿ ಎರಡು ವಿಧದಲ್ಲಿ ಹಿತ. ಹಸಿದ ಹೊಟ್ಟೆಯ ಸಂಜೆಯೇ ಕುಡಿತದ ಹಂಬಲ ಕೆರಳುವ ಹೊತ್ತು. ಊಟದ ನಂತರ ಆರತಿ, ಭಜನೆ, ಸ್ವಾಧ್ಯಾಯಗಳಿಂದ ರಾತ್ರಿಯನ್ನು ತುಂಬಿಸಬೇಕು. ಅಮೆರಿಕದಲ್ಲಿ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಹಬ್ಬಗಳಂದು, ಎಲ್ಲೆಡೆ ಕುಡಿತ ಹರಿಯುವಾಗ, ಈ ಕೂಟಗಳು ಹಗಲಿರುಳೂ ಸಭೆ ನಡೆಸುವುದುಂಟು. ಅಪಾಯದ ದಿನವನ್ನೇ ಆರಿಸಿ ಬಾಗಿಲು ತೆರೆಯುವ ಆ ಬುದ್ಧಿಯನ್ನು ನಾವೂ ಕಲಿಯಬಹುದು.

ಮೂರನೆಯದು ಮಾತಿನ ಸಂಯಮ. ಕುಡಿದ ದಿನಗಳ ಕಥೆಯನ್ನು ರಸವತ್ತಾಗಿ ಹೇಳಿ ನಗಿಸಿದರೆ ಅದು ಆಲೋಚನೆಯಲ್ಲ, ವಿಕಥೆ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರಗಳೆಂದು ವ್ರತಭಂಗಕ್ಕೆ ನಾಲ್ಕು ಹಂತಗಳನ್ನು ಹೇಳುವರು. ಮನಃಶುದ್ಧಿಯ ಹಾನಿಯೇ ಮೊದಲನೆಯ ಹಂತ. ಲೋಟವು ತುಟಿಗೆ ಬರುವ ಬಹು ಮೊದಲೇ ಪತನವು ಆರಂಭವಾಗಿರುತ್ತದೆ. ರಂಜನೆಯ ಕಥೆಯು ಆ ಮೊದಲ ಹಂತಕ್ಕೆ ತಳ್ಳುತ್ತದೆ.

ನಾಲ್ಕನೆಯದು ಹಣ. ಅನಾಮಿಕರ ಕೂಟವು ಹೊರಗಿನವರ ದೇಣಿಗೆಯನ್ನು ಸ್ವೀಕರಿಸದು; ಸದಸ್ಯರೇ ಖರ್ಚನ್ನು ಹೊರುತ್ತಾರೆ. ದಾನವು ನಮ್ಮಲ್ಲಿ ಗೃಹಸ್ಥನ ಷಟ್ಕರ್ಮಗಳಲ್ಲಿ ಸೇರಿದೆ. ಅಷ್ಟು ಕಟ್ಟುನಿಟ್ಟು ಬೇಡವೆನ್ನಬಹುದು. ಆದರೂ ನ್ಯಾಯೋಪಾರ್ಜಿತ ಧನವೇ ಆಗಿರಬೇಕು; ಮದ್ಯದ ಗುತ್ತಿಗೆಯ ಲಾಭದಿಂದ ಪಾನಮುಕ್ತರಿಗೆ ಊಟ ಹಾಕುವಂತಿಲ್ಲ. ದಾನಿಯ ಹೆಸರಿನ ಫಲಕವು ರೋಗಿಯ ತಲೆಯ ಮೇಲೆ ತೂಗಬಾರದು.

ಐದನೆಯದು ಮನೆಯವರು. 1951ರಲ್ಲಿ ವಿಲ್ಸನ್ನನ ಮಡದಿ ಲೋಯಿಸ್ ಮತ್ತು ಆಕೆಯ ಗೆಳತಿಯು ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವನ್ನು ಆರಂಭಿಸಿದರು. ಕುಡಿದವನಿಗೆ ಕ್ಷಮೆ ದೊರೆಯುವ ಸಭೆಯಲ್ಲಿ ಹೊಡೆತ ತಿಂದವಳಿಗೆ ಮಾತು ದೊರೆಯದಿದ್ದರೆ ಅದು ಅನ್ಯಾಯ. ವೇದಿಕೆಯ ಮೇಲೆ ಗಂಡನ ಪಕ್ಕದಲ್ಲಿ ಆರತಿ ಹಿಡಿದು ನಿಲ್ಲುವುದಷ್ಟೇ ಆಕೆಯ ಪಾತ್ರವಾಗಬಾರದು. ಸ್ತ್ರೀಯರಿಗೆ ಪ್ರತ್ಯೇಕ ಕೊಠಡಿ, ಹಿರಿಯ ಶ್ರಾವಿಕೆಯರ ಆಸರೆ, ಕೇಳಿದ ಮಾತನ್ನು ಹೊರಗೆ ಹಾಕದ ನಂಬಿಕೆ, ಇಷ್ಟನ್ನು ಒದಗಿಸಬೇಕು. ಕ್ಷಮಿಸುವುದು ಆಕೆಯ ಸ್ವಂತ ಧರ್ಮ. ಅದನ್ನು ಸಭೆಯು ಆಕೆಯ ಮೇಲೆ ಹೇರಬಾರದು.

ಕೊನೆಯದು, ಮತ್ತೆ ಜಾರಿದವನ ಸ್ಥಾನ. ಕಳೆದ ವರ್ಷ ವೇದಿಕೆಯಲ್ಲಿ ಕುಳಿತವನು ಈ ವರ್ಷ ಕುಡಿದಿರಬಹುದು. ಆತನಿಗೆ ಬಾಗಿಲಲ್ಲಿ ತಡೆಯೊಡ್ಡುವ ಸಭೆಯು ಸ್ಥಿತೀಕರಣದ ಹೆಸರನ್ನು ಹೇಳಲಾರದು. ತತ್ತ್ವಾರ್ಥಸೂತ್ರದಲ್ಲಿ ಹೇಳಿದ ಒಂಬತ್ತು ಪ್ರಾಯಶ್ಚಿತ್ತಗಳು ಆಲೋಚನೆಯಿಂದ ಮೊದಲಾಗಿ ಉಪಸ್ಥಾಪನೆಯಲ್ಲಿ ಮುಗಿಯುತ್ತವೆ. ಉಪಸ್ಥಾಪನೆಯೆಂದರೆ ಮತ್ತೆ ಮೊದಲಿನಿಂದ ವ್ರತದಲ್ಲಿ ನಿಲ್ಲಿಸುವುದು. ದಂಡನೆಗಳ ಪಟ್ಟಿಯ ಕೊನೆಯಲ್ಲಿ ಆಚಾರ್ಯರು ಬಹಿಷ್ಕಾರವನ್ನು ಇಡಲಿಲ್ಲ, ಪುನಃಸ್ಥಾಪನೆಯನ್ನು ಇಟ್ಟರು. ಜಾರಿದವನ ಲೆಕ್ಕ ಒಂದನೆಯ ದಿನದಿಂದ ಮತ್ತೆ ಆರಂಭವಾಗಲಿ. ಆದರೆ ಆತನ ಚಾಪೆ ಮಡಿಸದೆ ಇರಲಿ.

ದೊಡ್ಡ ಸಮಾವೇಶವು ವರ್ಷಕ್ಕೊಮ್ಮೆ, ಹಂಬಲವು ದಿನಕ್ಕೊಮ್ಮೆ. ಆದುದರಿಂದ ಸಾವಿರ ಜನರ ಚಪ್ಪರಕ್ಕಿಂತಲೂ ವಾರಕ್ಕೊಮ್ಮೆ ಕೂಡುವ ಐದು ಜನರ ಕೊಠಡಿಯೇ ಹೆಚ್ಚು ಕೆಲಸ ಮಾಡೀತು. ಊರಿನ ಬಸದಿಗೆ ಸೇರಿದ ಸಭಾಭವನದಲ್ಲಿ ವಾರದ ಒಂದು ಸಂಜೆ, ಒಂದು ಕೊಠಡಿಯನ್ನು ಇದಕ್ಕಾಗಿ ಬಿಟ್ಟುಕೊಡಬಹುದು. ಫಲಕ ಬೇಡ, ಹಾಜರಿ ಪುಸ್ತಕ ಬೇಡ. ಗಾಳಿಸಿದ ನೀರು, ಒಂದು ಚಾಪೆ, ಕೇಳುವ ಒಂದು ಕಿವಿ ಸಾಕು. ನಮ್ಮವರಲ್ಲಿ ಅಂತಹವರೇ ಇಲ್ಲವೆಂದು ಆಡಳಿತ ಸಮಿತಿಯವರು ಹೇಳಿದರೆ ಅದು ಸಂತೋಷದ ಮಾತೇ. ಆಗ ಆ ಕೊಠಡಿಯು ಖಾಲಿಯಾಗಿಯೇ ಇರುವುದು, ಯಾರಿಗೂ ನಷ್ಟವಿಲ್ಲ. ಆದರೆ ಒಬ್ಬನಾದರೂ ಬಂದು ಕುಳಿತರೆ, ಒಂದು ಮನೆಯಲ್ಲಿ ಆ ರಾತ್ರಿ ಮಕ್ಕಳು ಹೆದರದೆ ಮಲಗುವರು.